76 ಜನ ಏಕೆ ಬಿಟ್ಟುಹೋದರು? ನ್ಯೂಕ್ಯಾಸಲ್ ಸಂಘದ ಪ್ರಕರಣ, 1743

1743ರ ಮಾರ್ಚ್ 12ರಂದು, ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಎಂಬ ಕ್ರೈಸ್ತ ಚಳವಳಿಯನ್ನು ಕಟ್ಟಿದ ಬೋಧಕ ಜಾನ್ ವೆಸ್ಲಿ ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಒಂದು ಲೆಕ್ಕ ಮುಗಿಸಿದರು. ಅಲ್ಲಿನ ಮೆಥಡಿಸ್ಟ್ ಸಂಘವನ್ನು ತಾವಾಗಿ ಬಿಟ್ಟುಹೋದವರು 76. ಸಂಘವೇ ಹೊರಹಾಕಿದವರು 64. ಸಂಖ್ಯೆ ಬರೆದುಕೊಂಡು ಅವರು ಸುಮ್ಮನಾಗಲಿಲ್ಲ. ಒಬ್ಬೊಬ್ಬರ ಕಾರಣವನ್ನೂ ವಿಚಾರಿಸಿ ದಿನಚರಿಯಲ್ಲಿ ಪಟ್ಟಿ ಮಾಡಿಟ್ಟರು. ಸಭೆಯ ಚರಿತ್ರೆಯಲ್ಲಿ ಇಂಥ ಪಟ್ಟಿ ಬಹಳ ಅಪರೂಪ. ಬಂದವರ ಲೆಕ್ಕವನ್ನು ಎಲ್ಲ ಸಭೆಗಳೂ ಇಡುತ್ತವೆ, ದೀಕ್ಷಾಸ್ನಾನದ ರಿಜಿಸ್ಟರ್ ಬೀರುವಿನಲ್ಲಿ ಭದ್ರವಾಗಿರುತ್ತದೆ. ಹೋದವರು ಏಕೆ ಹೋದರು ಎಂದು ಬರೆಯುವ ಪುಸ್ತಕವನ್ನು ಇಟ್ಟ ಸಭೆ ಸಿಗುವುದು ಕಷ್ಟ.

‘ದುಸ್ಸಹವಾಸವು ಸದಾಚಾರವನ್ನು ಕೆಡಿಸುತ್ತದೆ’ ಎಂಬ 1 ಕೊರಿಂಥ 15:33ರ ಮಾತನ್ನು ಯುವಕರ ಕೂಟಗಳಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರಸಂಗಕ್ಕೆ ಎತ್ತಿಕೊಳ್ಳುತ್ತಾರೆ. ಕೆಟ್ಟ ಗೆಳೆಯರನ್ನು ಬಿಡಿ ಎನ್ನುವಲ್ಲಿಗೆ ಪ್ರಸಂಗ ಮುಗಿಯುತ್ತದೆ. ಬಿಟ್ಟ ಮೇಲೆ ಯಾರ ಜೊತೆ ಕೂರಬೇಕು, ವಾರಕ್ಕೆ ಎಷ್ಟು ಹೊತ್ತು ಕೂರಬೇಕು, ಅಲ್ಲಿ ಯಾರು ಏನು ಕೇಳಬೇಕು, ಮನೆಯವರೇ ಅಡ್ಡ ನಿಂತರೆ ಏನು ಮಾಡಬೇಕು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ನ್ಯೂಕ್ಯಾಸಲ್ ಪ್ರಕರಣದಲ್ಲಿ ಆ ಉತ್ತರದ ಬಹುಪಾಲು ಇದೆ. ಎಲ್ಲಿ ಸೋತರು ಎಂಬುದೂ ಇದೆ.

ಪಟ್ಟಣ

ನ್ಯೂಕ್ಯಾಸಲ್ ಟೈನ್ ನದಿಯ ದಡದಲ್ಲಿರುವ ಕಲ್ಲಿದ್ದಲಿನ ಪಟ್ಟಣ. ಸುತ್ತಲ ಗಣಿಗಳ ಕಲ್ಲಿದ್ದಲನ್ನು ಕೀಲ್ ಎಂಬ ದೋಣಿಗಳಲ್ಲಿ ತುಂಬಿ ಹಡಗುಗಳಿಗೆ ಸಾಗಿಸುವ ಕೂಲಿಯವರು ಸ್ಯಾಂಡ್‌ಗೇಟ್ ಎಂಬ ಕೇರಿಯಲ್ಲಿ ವಾಸವಾಗಿದ್ದರು. ಊರಿನಲ್ಲೇ ಅತಿ ಬಡವರ ಕೇರಿ ಅದು. ವೆಸ್ಲಿ ಮೊದಲ ಸಲ ಊರಿಗೆ ಬಂದದ್ದು 1742ರ ಮೇ 28ರಂದು. ಬೀದಿಯಲ್ಲಿ ಕಂಡ ಕುಡಿತ, ಕಿವಿಗೆ ಬಿದ್ದ ಆಣೆ ಬೈಗುಳ, ಅದೂ ಪುಟ್ಟ ಮಕ್ಕಳ ಬಾಯಿಂದ, ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟೊಂದನ್ನು ಬೇರೆಲ್ಲೂ ಕಂಡ ನೆನಪಿಲ್ಲ ಎಂದು ಬರೆದರು. ಮೇ 30ರ ಭಾನುವಾರ ಬೆಳಗ್ಗೆ 7 ಗಂಟೆಗೆ ಒಬ್ಬ ಸಂಗಡಿಗನ ಜೊತೆ ಸ್ಯಾಂಡ್‌ಗೇಟ್ ಬೀದಿಯ ಕೊನೆಯಲ್ಲಿ ನಿಂತು 100ನೆಯ ಕೀರ್ತನೆ ಹಾಡಲು ಶುರುಮಾಡಿದರು. ಏನಿದು ಎಂದು ನೋಡಲು ಮೂರು ನಾಲ್ಕು ಜನ ಹೊರಬಂದರು. ಸ್ವಲ್ಪ ಹೊತ್ತಿಗೆ ನಾಲ್ಕೈದು ನೂರಾದರು. ಯೆಶಾಯ 53:5ರ ಮೇಲಿನ ಪ್ರಸಂಗ ಮುಗಿಯುವಷ್ಟರಲ್ಲಿ 1200ರಿಂದ 1500 ಜನ ಸೇರಿದ್ದರು.

ಆ ಮಕ್ಕಳ ಬಾಯಿಯ ಬೈಗುಳವನ್ನು ಮರೆಯಬಾರದು. ಅದನ್ನು ಯಾರೂ ಅವರಿಗೆ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಜೊತೆಯಲ್ಲಿದ್ದವರು ಆಡಿದ್ದನ್ನೇ ಅವರೂ ಆಡುತ್ತಿದ್ದರು. ಬೀದಿಯ ಕೊನೆಯಲ್ಲಿ ನಿಂತು ಒಂದು ಗಂಟೆ ಮಾಡಿದ ಪ್ರಸಂಗ ಜನರ ಮನಸ್ಸನ್ನು ಕಲಕಬಹುದು. ಉಳಿದ ಆರೂವರೆ ದಿನ ಅದೇ ದೋಣಿ, ಅದೇ ಹೆಂಡದಂಗಡಿ, ಅದೇ ಬಾಯಿಗಳ ನಡುವೆ ಬದುಕುವವನಿಗೆ ಆ ಕಲಕುವಿಕೆ ಎಷ್ಟು ದಿನ ಬಂದೀತು? ವೆಸ್ಲಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಬೇಕಾದ ಸಾಧನ ಅದೇ ವರ್ಷ, ಸಾಲ ತೀರಿಸುವ ಮಾತಿನ ನಡುವೆ, ಬ್ರಿಸ್ಟಲ್‌ನಲ್ಲಿ ಸಿಕ್ಕಿತ್ತು.

ವಾರಕ್ಕೊಂದು ಪೆನ್ನಿ

ಬ್ರಿಸ್ಟಲ್‌ನಲ್ಲಿ 1739ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರದ ಸಾಲ ತೀರಿರಲಿಲ್ಲ. 1742ರ ಫೆಬ್ರವರಿ 15ರಂದು ಮುಖ್ಯಸ್ಥರು ಸೇರಿ ದಾರಿ ಯೋಚಿಸಿದರು. ಸಂಘದ ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ, ಅಂದರೆ ಶಿಲಿಂಗಿನ ಹನ್ನೆರಡನೆಯ ಒಂದು ಭಾಗ, ಕೊಡಲಿ ಎಂದು ಒಬ್ಬರು ಸೂಚಿಸಿದರು. ಬಡವರಿಗೆ ಅಷ್ಟೂ ಆಗದಲ್ಲ ಎಂಬ ಮಾತು ಬಂತು. ಆಗ ಕ್ಯಾಪ್ಟನ್ ಫಾಯ್ ಎಂಬಾತ, ಅತಿ ಬಡವರಾದ 11 ಜನರನ್ನು ನನ್ನ ಪಾಲಿಗೆ ಬಿಡಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರದನ್ನೂ ನಾನೇ ಹಾಕುತ್ತೇನೆ, ನೀವೂ ಒಬ್ಬೊಬ್ಬರು 11 ಜನರನ್ನು ವಹಿಸಿಕೊಳ್ಳಿ ಎಂಬರ್ಥದ ಮಾತು ಹೇಳಿದರು.

ಹಾಗೆ ಕಾಸು ಕೇಳಲು ಹೊರಟವರು ಬೇರೆಯೇ ಸುದ್ದಿ ತಂದರು. ಇಂಥವನು ಕುಡಿಯುತ್ತಾನೆ, ಇಂಥ ಮನೆಯಲ್ಲಿ ಜಗಳ, ಇಂಥವರ ನಡೆ ಸರಿಯಿಲ್ಲ. ವೆಸ್ಲಿ ಇಷ್ಟು ದಿನದಿಂದ ಹುಡುಕುತ್ತಿದ್ದದ್ದು ಇದನ್ನೇ. ಸಾವಿರ ಜನರ ಸಂಘದಲ್ಲಿ ಯಾರು ಹೇಗೆ ಬದುಕುತ್ತಿದ್ದಾರೆ ಎಂದು ಒಬ್ಬ ಬೋಧಕನಿಗೆ ತಿಳಿಯುವುದು ಆಗದ ಮಾತು. 11 ಜನರನ್ನು ವಾರವಾರ ಕಾಣುವವನಿಗೆ ತಿಳಿಯದೆ ಇರುವುದು ಆಗದ ಮಾತು.

ಮೊದಮೊದಲು ನಾಯಕರು ಮನೆಮನೆಗೆ ಹೋಗುತ್ತಿದ್ದರು. ತೊಡಕುಗಳು ಬೇಗ ಕಂಡವು. ಅದಕ್ಕೆ ವಿಪರೀತ ಸಮಯ ಹಿಡಿಯುತ್ತಿತ್ತು. ಹಲವರು ಕೆಲಸದಾಳುಗಳಾಗಿ ಯಜಮಾನರ ಮನೆಯಲ್ಲೇ ಇದ್ದುದರಿಂದ ಯಜಮಾನರು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಒಂಟಿಯಾಗಿ ಮಾತಾಡಲು ಆಗುತ್ತಿರಲಿಲ್ಲ. ಇಬ್ಬರ ನಡುವೆ ಮನಸ್ತಾಪವಿದ್ದರೆ ಒಬ್ಬೊಬ್ಬರ ಮಾತನ್ನು ಬೇರೆಬೇರೆ ಮನೆಯಲ್ಲಿ ಕೇಳಿ ಬಗೆಹರಿಸುವುದು ಸಾಧ್ಯವಿರಲಿಲ್ಲ, ಎದುರುಬದುರು ಕೂರಿಸಲೇಬೇಕಿತ್ತು. ಆದ್ದರಿಂದ ಹನ್ನೆರಡೂ ಜನ ವಾರಕ್ಕೊಮ್ಮೆ ಒಂದೇ ಕಡೆ ಸೇರಲಿ ಎಂದಾಯಿತು. ಕ್ಲಾಸ್ ಕೂಟ ಹುಟ್ಟಿದ್ದು ಹೀಗೆ.

ಅದರ ಕಟ್ಟು ಬಹಳ ಸರಳ. ಸುಮಾರು 12 ಜನ, ಅವರಲ್ಲೊಬ್ಬ ನಾಯಕ. ಕೂಟ ಹಾಡಿನಿಂದ, ಪ್ರಾರ್ಥನೆಯಿಂದ ಶುರುವಾಗಿ ಹಾಗೆಯೇ ಮುಗಿಯುತ್ತಿತ್ತು. ನಡುವೆ ನಾಯಕ ಒಬ್ಬೊಬ್ಬರ ಆತ್ಮದ ಸ್ಥಿತಿ ವಿಚಾರಿಸಿ ಬುದ್ಧಿ ಹೇಳುವನು, ತಪ್ಪಿದ್ದರೆ ಗದರುವನು, ಕುಗ್ಗಿದವರಿಗೆ ಧೈರ್ಯ ತುಂಬುವನು. ಬಡವರಿಗಾಗಿ ಕೊಟ್ಟದ್ದನ್ನು ಸಂಗ್ರಹಿಸುವನು. ವಾರಕ್ಕೊಮ್ಮೆ ನಾಯಕರೆಲ್ಲ ಬೋಧಕರನ್ನೂ ಹಣದ ಲೆಕ್ಕ ನೋಡುವವರನ್ನೂ ಕಂಡು, ಕಾಯಿಲೆ ಬಿದ್ದವರು ಯಾರು, ದಾರಿ ತಪ್ಪಿದವರು ಯಾರು ಎಂದು ತಿಳಿಸುವರು. ಮೂರು ತಿಂಗಳಿಗೊಮ್ಮೆ ಬೋಧಕ ತಾನೇ ಪ್ರತಿ ಕ್ಲಾಸನ್ನೂ ಪರೀಕ್ಷಿಸಿ, ಒಬ್ಬೊಬ್ಬರ ಹೆಸರು ಬರೆದ ಚಿಕ್ಕ ಟಿಕೆಟ್ ಕೊಡುವನು. ನಡತೆ ಕೆಟ್ಟವರಿಗೆ ಹೊಸ ಟಿಕೆಟ್ ಸಿಗುತ್ತಿರಲಿಲ್ಲ. ಗದ್ದಲವಿಲ್ಲದೆ, ಬೀದಿಯಲ್ಲಿ ಮಾನ ಕಳೆಯದೆ ಸದಸ್ಯತ್ವ ನಿಲ್ಲುತ್ತಿತ್ತು.

ಇದಕ್ಕಿಂತ ಬಿಗಿಯಾದದ್ದು ಬ್ಯಾಂಡ್ ಎಂಬ ಇನ್ನೂ ಚಿಕ್ಕ ಗುಂಪು. ಗಂಡಸರದೇ ಬೇರೆ, ಹೆಂಗಸರದೇ ಬೇರೆ, ಮದುವೆಯಾದವರದು ಬೇರೆ, ಆಗದವರದು ಬೇರೆ. 1738ರ ಡಿಸೆಂಬರ್ 25ರ ನಿಯಮಗಳ ಪ್ರಕಾರ ಪ್ರತಿ ಕೂಟದಲ್ಲೂ ಕೇಳುವ ಪ್ರಶ್ನೆಗಳು ಇಂಥವು: ಹೋದ ಸಲ ಸೇರಿದ ಮೇಲೆ ತಿಳಿದೂ ಮಾಡಿದ ಪಾಪ ಯಾವುದು? ಯಾವ ಶೋಧನೆ ಎದುರಾಯಿತು? ಅದರಿಂದ ಹೇಗೆ ಪಾರಾದಿರಿ? ಪಾಪ ಹೌದೋ ಅಲ್ಲವೋ ಎಂಬ ಅನುಮಾನ ಉಳಿಸಿದ ಯೋಚನೆ, ಮಾತು, ಕೆಲಸ ಯಾವುದು? ಯಾಕೋಬ 5:16ರಲ್ಲಿ ಹೇಳಿದ ಪರಸ್ಪರ ಪಾಪದ ಅರಿಕೆಯೇ ಇದರ ಬುನಾದಿ. ಮೂರನೆಯ ಪ್ರಶ್ನೆಯ ಬೆಲೆ ಬಹಳ ದೊಡ್ಡದು. ಬಿದ್ದ ಕಥೆಯನ್ನಷ್ಟೇ ಹೇಳುವ ಗುಂಪು ಬೀಳುವುದನ್ನೇ ಸಹಜ ಮಾಡಿಬಿಡುತ್ತದೆ. ಪಾರಾದದ್ದು ಹೇಗೆ ಎಂದು ಕೇಳಿದಾಗ ಪಕ್ಕದಲ್ಲಿ ಕೂತವನಿಗೆ ಒಂದು ದಾರಿ ಸಿಗುತ್ತದೆ.

ಎರಡು ಪಟ್ಟಿಗಳು

1743ರ ಚಳಿಗಾಲದ ಕೊನೆಗೆ ನ್ಯೂಕ್ಯಾಸಲ್ ಸಂಘದಲ್ಲಿ 800ಕ್ಕೂ ಹೆಚ್ಚು ಜನರಿದ್ದರು. ಮಾರ್ಚ್ 6ರ ಭಾನುವಾರ ವೆಸ್ಲಿ ಸಂಘದ ನಿಯಮಗಳನ್ನು ಎಲ್ಲರೆದುರು ಓದಿ, ಇದಕ್ಕೆ ಒಪ್ಪಿ ನಡೆಯುತ್ತೀರೋ ಇಲ್ಲವೋ ಯೋಚಿಸಿ ಎಂದರು. ಇದು ಹಲವರನ್ನು ಅಲುಗಾಡಿಸುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಮರುದಿನ ಸೋಮವಾರದಿಂದಲೇ ಒಂದೊಂದು ಕ್ಲಾಸಿಗೂ ಹೋಗತೊಡಗಿದರು. ಕುಂಟುವ ಕಾಲು ದಾರಿ ಬಿಟ್ಟು ಪೂರ್ತಿ ಉಳುಕಬಾರದು ಎಂಬ ಇಬ್ರಿಯ 12:13ರ ಕಾಳಜಿಯಿಂದ ಎಂದು ತಾವೇ ಬರೆದಿದ್ದಾರೆ. ಶನಿವಾರ ಆ ಸುತ್ತು ಮುಗಿಯಿತು, ಪಟ್ಟಿಗಳು ಸಿದ್ಧವಾದವು.

ಮೊದಲು ಹೊರಹಾಕಿದವರು. 64ರಲ್ಲಿ 17 ಜನ ಕುಡಿತಕ್ಕಾಗಿ, 2 ಜನ ಸಾರಾಯಿ ಮಾರಿದ್ದಕ್ಕಾಗಿ. ನಾಲಿಗೆಯ ಪಾಪಗಳಿಗಾಗಿ 12: ಶಾಪ ಆಣೆಗಳಿಗೆ 2, ಜಗಳ ಬಡಿದಾಟಕ್ಕೆ 3, ರೂಢಿಯಾದ ಸುಳ್ಳಿಗೆ 3, ನಿಂದೆ ಚಾಡಿಗೆ 4. ಸಬ್ಬತ್ ದಿನವನ್ನು ಪದೇಪದೇ ಮೀರಿದವರು 2, ಹೆಂಡತಿಯನ್ನು ಹೊಡೆದವನು 1, ಸೋಮಾರಿತನಕ್ಕೆ 1. ಉಳಿದ 29 ಜನರ ಮುಂದೆ ಬರೆದಿರುವುದು ಹಗುರತನ ಮತ್ತು ಅಲಕ್ಷ್ಯ ಎಂದು ಮಾತ್ರ.

ಈ 29 ಅತಿ ದೊಡ್ಡ ಅಂಕಿ, ಕುಡುಕರಿಗಿಂತ ದೊಡ್ಡದು. ಇವರ ಮೇಲೆ ಹೆಸರಿಟ್ಟು ಹೇಳುವಂಥ ದೊಡ್ಡ ಪಾಪವಿಲ್ಲ. ನಿತ್ಯವೂ ಸಭೆಗಳಲ್ಲಿ ಕಾಣುವ ಸವಕಲು ಇದು. ಪ್ರಾರ್ಥನೆ ತಪ್ಪಿದರೂ ಏನೂ ಅನ್ನಿಸದು, ಕೂಟಕ್ಕೆ ಹೋಗದಿದ್ದರೂ ಏನೂ ಅನ್ನಿಸದು, ದೇವರ ವಿಷಯ ಬಂದರೆ ನಗೆಯಲ್ಲಿ ತೇಲಿಸಿಬಿಡುವುದು. ಕುಡುಕನ ತಪ್ಪು ಊರಿಗೆಲ್ಲ ಕಾಣುತ್ತದೆ, ಯಾರಾದರೂ ಕೈ ಹಿಡಿಯುತ್ತಾರೆ. ಹಗುರಾದವನ ತಪ್ಪು ವಾರವಾರ ಹತ್ತಿರದಿಂದ ನೋಡುವವರಿಗೆ ಮಾತ್ರ ಕಾಣುತ್ತದೆ. ಕ್ಲಾಸ್ ಕೂಟವೇ ಇಲ್ಲದಿದ್ದರೆ ಈ 29 ಜನ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ, ‘ಒಳ್ಳೆಯ ಸದಸ್ಯರು’ ಎಂದೇ ಉಳಿಯುತ್ತಿದ್ದರು.

ಈಗ ತಾವಾಗಿ ಬಿಟ್ಟುಹೋದ 76. ಗಂಡ ಅಥವಾ ಹೆಂಡತಿಗೆ ಇಷ್ಟವಿಲ್ಲವೆಂದು 9, ತಂದೆತಾಯಿ ಒಪ್ಪಲಿಲ್ಲವೆಂದು 12, ಯಜಮಾನ ಯಜಮಾನಿ ಬಿಡಲಿಲ್ಲವೆಂದು 5: ಮನೆಯೊಳಗಿನ ಕಾರಣಕ್ಕೇ 26. ಪರಿಚಯದವರು ಮನವೊಲಿಸಿದರೆಂದು 7, ಜನ ಸಂಘದ ಬಗ್ಗೆ ಕೆಟ್ಟದಾಗಿ ಆಡುತ್ತಾರೆಂದು 5, ನಗೆಪಾಟಲಾಗಲಾರೆವೆಂದು 9, ಬೀದಿಯ ಜನ ಒರಟಾಗಿ ನಡೆದುಕೊಳ್ಳುತ್ತಾರೆಂದು 1: ನೆರೆಹೊರೆಯ ಕಾರಣಕ್ಕೆ 22. ಬಹುಪಾಲು ಬೇರೆ ಪಂಗಡಗಳಿಗೆ ಸೇರಿದ 14 ಜನ ಬಿಟ್ಟದ್ದು, ಮೆಥಡಿಸ್ಟ್ ಸಂಘಕ್ಕೆ ಹೋದರೆ ಕರ್ತನ ಭೋಜನ ಕೊಡುವುದಿಲ್ಲವೆಂದು ಅವರ ಸಭಾಪಾಲಕರು ಹೇಳಿದ್ದರಿಂದ. ಈ ಮೂರನ್ನೂ ಕೂಡಿದರೆ 62. ಐದರಲ್ಲಿ ನಾಲ್ಕು ಪಾಲು ಜನ ತಮ್ಮ ಸುತ್ತಲಿನವರ ಒತ್ತಡಕ್ಕೆ ಮಣಿದು ಹೋದವರು.

ಉಳಿದ 14ರಲ್ಲಿ ಬಡವರ ಭತ್ಯೆ ತಪ್ಪೀತೆಂದು 3, ಬಿಡುವಿಲ್ಲವೆಂದು 3, ದೂರವೆಂದು 2, ಇಂಥ ಒಬ್ಬ ವ್ಯಕ್ತಿ ಸಂಘದಲ್ಲಿದ್ದಾನೆಂದು 2, ತನ್ನ ದೀಕ್ಷಾಸ್ನಾನಕ್ಕೆ ಬೆನ್ನು ಹಾಕಲಾರೆನೆಂದು 1, ನೀವು ಬರೀ ಇಂಗ್ಲೆಂಡ್ ಸಭೆಯವರೆಂದು 1. ಒಬ್ಬ ಹೆಂಗಸು ತನಗೆ ಮೂರ್ಛೆ ಬಂದೀತೆಂದು ಹೆದರಿದಳು. ಆ ವಾರ ಪ್ರಸಂಗದ ನಡುವೆ ಹೆಚ್ಚುಕಡಿಮೆ ಪ್ರತಿ ರಾತ್ರಿ ಯಾರಾದರೂ ಗಟ್ಟಿಯಾಗಿ ಕೂಗಿಕೊಳ್ಳುತ್ತಿದ್ದರು, ಆಕೆಯ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕೊನೆಯವನು, ದೇವರ ಸೇವೆಗೆ ಇನ್ನೂ ಬೇಕಾದಷ್ಟು ಸಮಯವಿದೆ ಎಂದು ಹೋದವನು.

ಪಟ್ಟಿ ಹೇಳುವುದೇನು

‘ನಿಮ್ಮ ಬೋಧನೆ ತಪ್ಪು’ ಎಂದು ವಾದಿಸಿ ಹೋದವರನ್ನು ಹುಡುಕಿದರೆ ಒಬ್ಬಿಬ್ಬರು ಸಿಗಬಹುದು. ಉಳಿದವರು ನಂಬಿಕೆ ಬದಲಾಗಿ ಹೋದವರಲ್ಲ. ಅಮ್ಮನ ಮುಖ ನೋಡಿ ಹೋದರು, ಯಜಮಾನನ ಬಾಯಿಗೆ ಹೆದರಿ ಹೋದರು, ಓಣಿಯವರ ನಗೆಗೆ ನಾಚಿ ಹೋದರು. ಮನುಷ್ಯ ತನ್ನ ತೀರ್ಮಾನಗಳನ್ನು ಒಬ್ಬನೇ ಕೂತು ಮಾಡುತ್ತಾನೆ ಎಂದು ನಂಬಿ ಸಭೆಯ ಕಾರ್ಯಕ್ರಮ ಹಾಕುವವರು ಈ 62ನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ನಗೆಗೆ ಹೆದರಿದ 9 ಜನರನ್ನು ತಂದೆತಾಯಿಗೆ ಮಣಿದ 12 ಜನರ ಜೊತೆ ಒಂದೇ ಸಾಲಿಗೆ ಸೇರಿಸುವುದು ಮಾತ್ರ ತಪ್ಪಾದೀತು. ನಗೆಗೆ ಮದ್ದು ಜೊತೆಗಾರರು. ಒಬ್ಬನನ್ನು ನೋಡಿ ನಗುವುದು ಸುಲಭ, ಹನ್ನೆರಡು ಜನ ಒಟ್ಟಿಗೆ ನಡೆದು ಹೋಗುವಾಗ ನಗುವವನಿಗೇ ಮುಜುಗರ. ಕ್ಲಾಸ್ ಕೂಟದ ಬಲ ಸಾಲುವ ಜಾಗ ಇದು. ತಂದೆತಾಯಿಯ, ಗಂಡನ, ಅನ್ನ ಕೊಡುವ ಯಜಮಾನನ ವಿಷಯ ಹಾಗಲ್ಲ. ವಾರದಲ್ಲಿ ಒಂದು ಗಂಟೆ ಸಿಗುವ ಸಹವಾಸವು ರಾತ್ರಿಹಗಲು ಒಂದೇ ಸೂರಿನಡಿ ಇರುವ ಸಹವಾಸದ ಎದುರು ತಕ್ಕಡಿಯಲ್ಲಿ ಮೇಲಕ್ಕೇ ಏಳುತ್ತದೆ. ನ್ಯೂಕ್ಯಾಸಲ್ ಸಂಘ 26 ಜನರನ್ನು ಕಳೆದುಕೊಂಡದ್ದು ಇಲ್ಲಿ. ಕ್ಲಾಸ್ ಸದಸ್ಯನನ್ನು ನೋಡಿಕೊಂಡಿತು, ಸದಸ್ಯನ ಮನೆಯ ಬಾಗಿಲು ತಟ್ಟುವ ಕೆಲಸ ಅದರ ನಿಯಮದಲ್ಲಿ ಇರಲಿಲ್ಲ. ಮನೆಭೇಟಿಯನ್ನು ಬಿಟ್ಟು ಎಲ್ಲರನ್ನೂ ಒಂದೆಡೆ ಸೇರಿಸಿದ್ದು ಸರಿಯಾದ ನಿರ್ಧಾರವೇ. ಆದರೆ ಅದರ ಜೊತೆಗೆ ಹೋದದ್ದು ಹೊಸ್ತಿಲ ಪರಿಚಯ.

ಕೊನೆಯ ಆ ‘ಇನ್ನೂ ಸಮಯವಿದೆ’ ಎಂದವನನ್ನು ಪೌಲನ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು. ದುಸ್ಸಹವಾಸದ ಎಚ್ಚರಿಕೆ ಬರುವುದು ಪುನರುತ್ಥಾನದ ಅಧ್ಯಾಯದಲ್ಲಿ, ‘ನಾಳೆ ಸಾಯುತ್ತೇವಲ್ಲ, ತಿನ್ನೋಣ ಕುಡಿಯೋಣ’ ಎಂಬ ಮಾತಿನ ಬೆನ್ನಿಗೇ. ಕೊರಿಂಥದಲ್ಲಿ ಕೆಟ್ಟ ಸಹವಾಸ ಮೊದಲು ಹಾಳುಮಾಡಿದ್ದು ಜನರ ನಿರೀಕ್ಷೆಯನ್ನು. ಸತ್ತವರು ಏಳುವುದಿಲ್ಲ ಎನ್ನುವವರ ಜೊತೆ ದಿನವೂ ಕೂತರೆ ನಿರೀಕ್ಷೆ ಸಡಿಲವಾಗುತ್ತದೆ, ನಡತೆ ಅದರ ಹಿಂದೆ ಹೋಗುತ್ತದೆ. ಯುವಕನ ಗೆಳೆಯರು ಕುಡಿಯುತ್ತಾರೆಯೇ ಎಂದಷ್ಟೇ ತಂದೆತಾಯಿ ವಿಚಾರಿಸುತ್ತಾರೆ. ಆ ಗೆಳೆಯರು ಯಾವುದನ್ನು ಆಸೆಪಡುತ್ತಾರೆ, ಯಾವುದನ್ನು ನೋಡಿ ನಗುತ್ತಾರೆ ಎಂದು ವಿಚಾರಿಸುವವರು ಕಡಿಮೆ.

ಹಾಗೆಂದು ಲೋಕದವರ ಸಂಗವನ್ನೇ ತೊರೆಯಿರಿ ಎನ್ನುವುದು ಸುವಾರ್ತೆಯಲ್ಲ. ಹಾಗಾದರೆ ನೀವು ಲೋಕವನ್ನೇ ಬಿಟ್ಟುಹೋಗಬೇಕಾದೀತು ಎಂದು ಪೌಲನೇ 1 ಕೊರಿಂಥ 5:10ರಲ್ಲಿ ಹೇಳುತ್ತಾನೆ. ಕರ್ತನು ಸುಂಕದವರ ಪಂಕ್ತಿಯಲ್ಲಿ ಕೂತು ಉಂಡನು. ನ್ಯೂಕ್ಯಾಸಲ್‌ನ ಸದಸ್ಯರೂ ಅದೇ ಗಣಿಗೆ, ಅದೇ ದೋಣಿಗೆ ಕೆಲಸಕ್ಕೆ ಹೋಗುತ್ತಿದ್ದರು. ನೋಡಬೇಕಾದದ್ದು ಇಷ್ಟು: ನನ್ನ ಬದುಕನ್ನು ಪ್ರಶ್ನಿಸುವ ಅಧಿಕಾರವನ್ನು ನಾನು ಯಾರಿಗೆ ಕೊಟ್ಟಿದ್ದೇನೆ? ಆ ಅಧಿಕಾರ ಯಾರ ಕೈಯಲ್ಲೂ ಇಲ್ಲದವನನ್ನು ಯಾವ ಗುಂಪು ಬೇಕಾದರೂ ಎಳೆದೊಯ್ಯುತ್ತದೆ.

ಕ್ಲಾಸ್ ಇಲ್ಲದ ಊರುಗಳ ಸ್ಥಿತಿಯನ್ನೂ ವೆಸ್ಲಿ ಮುಂದೆ ಕಂಡರು. 1763ರ ಆಗಸ್ಟ್‌ನಲ್ಲಿ ವೇಲ್ಸ್‌ನ ಪೆಂಬ್ರೋಕ್‌ಷೈರ್ ಸುತ್ತಿದಾಗ, ಅಲ್ಲಿ 20 ವರ್ಷ ಎಷ್ಟೊಂದು ಪ್ರಸಂಗಗಳಾಗಿದ್ದರೂ ಸಂಘ, ಶಿಸ್ತು, ಒಬ್ಬರಿಗೊಬ್ಬರ ಜೋಡಣೆ ಇಲ್ಲದ್ದರಿಂದ ಒಮ್ಮೆ ಎಚ್ಚೆತ್ತ ಹತ್ತರಲ್ಲಿ ಒಂಬತ್ತು ಜನ ಮೊದಲಿಗಿಂತ ಗಾಢ ನಿದ್ದೆಗೆ ಜಾರಿದ್ದಾರೆ ಎಂದು ನೊಂದು ಬರೆದರು. ನ್ಯೂಕ್ಯಾಸಲ್‌ನಲ್ಲಿ ಹೋದ 140 ಜನರನ್ನು ಉಳಿದ 800ರ ಪಕ್ಕದಲ್ಲಿಟ್ಟು ಇದನ್ನು ಓದಬೇಕು.

ನಮ್ಮ ಸಭೆಗಳಲ್ಲಿ ಇದನ್ನು ನಡೆಸುವುದು ಹೇಗೆ

ಇದು ನಮಗೆ ಪರದೇಶದ ಕಥೆಯಲ್ಲ. 19ನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ ಈ ಪರಂಪರೆಯದೇ, 1947ರಲ್ಲಿ ಅದರ ಸಭೆಗಳು ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಬೀದರ್, ಕೋಲಾರ ಕಡೆಯ ಮೆಥಡಿಸ್ಟ್ ಸಭೆಗಳ ಬೇರೂ ಇದೇ. ಇಂದು ಮನೆಕೂಟ, ಕಾಟೇಜ್ ಪ್ರೇಯರ್, ಸೆಲ್ ಗ್ರೂಪ್ ಎಂದು ಕರೆಯುವುದನ್ನು ಸ್ವಲ್ಪ ತಿರುಗಿಸಿ ಕಟ್ಟಿದರೆ ಸಾಕು, ಹೊಸದೇನೂ ಬೇಡ.

ಗುಂಪು 8ರಿಂದ 12 ಜನರದಾಗಿರಲಿ. 12 ದಾಟಿದ ದಿನ ಎರಡು ಮಾಡಿ, ಮುಂದೂಡಬೇಡಿ. 15 ಜನರಾದರೆ ಮೂವರು ಮಾತಾಡುತ್ತಾರೆ, ಹನ್ನೆರಡು ಜನ ಕೇಳುತ್ತಾರೆ. ಒಟ್ಟು ಸಮಯ 90 ನಿಮಿಷ: ಒಂದು ಹಾಡು, ಚಿಕ್ಕ ಪ್ರಾರ್ಥನೆ, ವಾಕ್ಯದ ಓದಿಗೆ 10 ನಿಮಿಷ, ಆಮೇಲೆ ಒಬ್ಬೊಬ್ಬರಿಗೆ 5 ನಿಮಿಷದಂತೆ 60 ನಿಮಿಷ, ಉಳಿದದ್ದು ಹೆಸರು ಹಿಡಿದು ಮಾಡುವ ಪ್ರಾರ್ಥನೆ. ವಾಕ್ಯದ ಹೊತ್ತು 10 ನಿಮಿಷ ಮೀರಿದರೆ ಕೂಟ ಎರಡನೆಯ ಭಾನುವಾರದ ಆರಾಧನೆಯಾಗುತ್ತದೆ. ಮನೆಕೂಟಗಳು ಕೆಡುವುದು ಬಹುಮಟ್ಟಿಗೆ ಇಲ್ಲೇ. ಮಾತು ಬಲ್ಲ ಒಬ್ಬ ಹಿರಿಯರು ಮುಕ್ಕಾಲು ಗಂಟೆ ಬೋಧಿಸುತ್ತಾರೆ, ಎಲ್ಲರೂ ಆಮೆನ್ ಎಂದು ಉಪ್ಪಿಟ್ಟು ತಿಂದು ಏಳುತ್ತಾರೆ, ಯಾರ ವಾರ ಹೇಗೆ ಹೋಯಿತೆಂದು ಯಾರಿಗೂ ತಿಳಿಯದು. ತಿಂಡಿಯನ್ನಂತೂ ಚಹಾ ಬಿಸ್ಕತ್ತಿಗೆ ನಿಲ್ಲಿಸಿ. ಒಂದು ಮನೆಯಲ್ಲಿ ಪಲಾವ್ ಆದರೆ ಮುಂದಿನ ವಾರದ ಬಡ ಮನೆಯವರು ‘ಈ ಸಲ ನಮ್ಮಲ್ಲಿ ಬೇಡ’ ಎನ್ನತೊಡಗುತ್ತಾರೆ.

ನಾಯಕ ಮೊದಲು ತನ್ನ ವಾರವನ್ನು ಹೇಳಬೇಕು, ಸೋತಿದ್ದನ್ನೂ ಸೇರಿಸಿ. ಅವನು ಎಷ್ಟು ಆಳಕ್ಕೆ ಹೋಗುತ್ತಾನೋ ಉಳಿದವರು ಅಷ್ಟೇ ಹೋಗುತ್ತಾರೆ. ಪ್ರಶ್ನೆ ಹೋದ ವಾರದ ಮಾತಿಗೆ ಜೋಡಿಸಿಕೊಂಡಿರಬೇಕು. ‘ಅಣ್ಣ, ಹೇಗಿದ್ದೀರಿ?’ ಎಂದರೆ ‘ದೇವರ ಕೃಪೆ, ಚೆನ್ನಾಗಿದ್ದೀನಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಅಣ್ಣ, ಸಂಬಳದ ದಿನ ಫ್ಯಾಕ್ಟರಿ ಗೇಟಿಂದ ನೇರ ಮನೆಗೆ ಬರ್ತೀನಿ ಅಂದಿದ್ರಲ್ಲ, ಶನಿವಾರ ಏನಾಯ್ತು?’ ಎಂದು ಕೇಳಿದರೆ ಮಾತು ನೆಲಕ್ಕೆ ಇಳಿಯುತ್ತದೆ. ‘ಬಂದೆ, ಆದ್ರೆ ಅವರು ಫೋನ್ ಮಾಡಿದ್ರು, ಮತ್ತೆ ಹೋದೆ’ ಎಂದರೆ ಗದರುವ ಮೊದಲು ಮುಂದಿನ ಶನಿವಾರದ ಏರ್ಪಾಡಾಗಬೇಕು: ಗೇಟಿನ ಹತ್ತಿರ ಯಾರು ನಿಲ್ಲುತ್ತಾರೆ, ಯಾವ ಬಸ್ಸಿಗೆ ಒಟ್ಟಿಗೆ ಹತ್ತುತ್ತಾರೆ, ರಾತ್ರಿ 9ಕ್ಕೆ ಯಾರು ಫೋನ್ ಮಾಡುತ್ತಾರೆ. ಹಳೆಯ ಗುಂಪು ಕರೆಯುವ ಹೊತ್ತಿಗೆ ಸರಿಯಾಗಿ ಹೊಸ ಗುಂಪೂ ಅಲ್ಲಿರಬೇಕು. ಬುಧವಾರ ಸಂಜೆಯ ಪ್ರಾರ್ಥನೆ ಶನಿವಾರ ಸಂಜೆಯ ಖಾಲಿ ಜಾಗವನ್ನು ತುಂಬುವುದಿಲ್ಲ.

ಪಾಪದ ಅರಿಕೆಯನ್ನು 12 ಜನರ ಮಿಶ್ರ ಗುಂಪಿನಲ್ಲಿ ಮಾಡಿಸಬೇಡಿ. ಅದಕ್ಕೆ ಬ್ಯಾಂಡಿನ ಮಾದರಿ ಬೇಕು: ಮೂರು ನಾಲ್ಕು ಜನ, ಗಂಡಸರು ಗಂಡಸರೊಂದಿಗೆ, ಹೆಂಗಸರು ಹೆಂಗಸರೊಂದಿಗೆ, ಒಬ್ಬರಿಗೊಬ್ಬರು ರಕ್ತಸಂಬಂಧಿಗಳಾಗಿರಬಾರದು. ಅತ್ತೆ ಸೊಸೆ ಒಂದೇ ಬ್ಯಾಂಡಿನಲ್ಲಿದ್ದರೆ ಇಬ್ಬರೂ ಬಾಯಿ ಬಿಡುವುದಿಲ್ಲ. ಅಲ್ಲಿ ಆಡಿದ ಮಾತು ಪ್ರಾರ್ಥನಾ ವಿಷಯದ ಹೆಸರಿನಲ್ಲಿ ವಾಟ್ಸ್ಯಾಪ್ ಗುಂಪಿಗೆ ಹೋದರೆ ಆ ಬ್ಯಾಂಡ್ ಅಂದೇ ಸತ್ತಂತೆ. ಹಾಗೆ ಹಂಚಿದವರನ್ನು ಆ ಜವಾಬ್ದಾರಿಯಿಂದ ತಕ್ಷಣ ಬಿಡಿಸಬೇಕು, ಎಷ್ಟೇ ಹಿರಿಯರಾಗಿರಲಿ. ಹೆಂಡತಿಯನ್ನು ಹೊಡೆಯುವುದು, ಮಕ್ಕಳಿಗೆ ಹಿಂಸೆ ಇಂಥವು ಹೊರಬಂದರೆ ಮಾತ್ರ ಗುಟ್ಟಿನ ಕಟ್ಟು ಅನ್ವಯಿಸದು. ಹಿಂಸೆಗೆ ಒಳಗಾದವರ ರಕ್ಷಣೆ ಮೊದಲು, ಪೊಲೀಸರ ನೆರವು ಬೇಕಾದರೆ ಅದೂ ಸೇರಿ. ನ್ಯೂಕ್ಯಾಸಲ್‌ನಲ್ಲೂ ಆ ಗಂಡನನ್ನು ಹೊರಗೆ ಕಳಿಸಿದರು, ಮುಚ್ಚಿಡಲಿಲ್ಲ.

ಗೈರುಹಾಜರಿಗೆ ಒಂದು ಕ್ರಮವಿರಲಿ. ಒಂದು ವಾರ ತಪ್ಪಿದರೆ ನಾಯಕನ ಫೋನ್. ಎರಡನೆಯ ವಾರ ಗುಂಪಿನ ಇನ್ನೊಬ್ಬ ಸದಸ್ಯ ಮನೆಗೆ ಹೋಗಬೇಕು. ಮೂರನೆಯ ವಾರ ಸಭಾಪಾಲಕರಿಗೆ ತಿಳಿಸಬೇಕು. ಮೂರು ತಿಂಗಳು ಬಿಟ್ಟು ‘ಅವರೆಲ್ಲೋ ಕಾಣ್ತಿಲ್ಲವಲ್ಲ’ ಎಂದು ಕೇಳುವ ಹೊತ್ತಿಗೆ ಆ ವ್ಯಕ್ತಿ 29ರ ಸಾಲಿಗೆ ಸೇರಿರುತ್ತಾರೆ.

ವೆಸ್ಲಿಯ ಪದ್ಧತಿಯಲ್ಲಿ ಊರು ಬದಲಾಯಿಸುವ ಸದಸ್ಯ ಹೊಸ ಊರಿನ ಸಂಘಕ್ಕೆ ಪತ್ರ ಒಯ್ಯಬೇಕಿತ್ತು. ಬೀದರಿನಿಂದಲೋ ಚಾಮರಾಜನಗರದಿಂದಲೋ ಕೆಲಸಕ್ಕೆಂದು ಬೆಂಗಳೂರಿಗೆ ಬರುವ 20ರ ಹುಡುಗ ಪಿಜಿಯಲ್ಲಿ ಮೊದಲ ತಿಂಗಳು ಯಾರ ಜೊತೆ ಊಟಕ್ಕೆ ಕೂರುತ್ತಾನೋ ಮುಂದಿನ ಕೆಲವು ವರ್ಷ ಅವರ ದಾರಿಯಲ್ಲೇ ಹೋಗುವ ಸಂಭವ ಹೆಚ್ಚು. ಊರಿನ ಸಭಾಪಾಲಕರು ಪತ್ರ ಕೊಟ್ಟು ಕಳಿಸಿದರೆ ಸಾಲದು, ಬಸ್ಸು ಹತ್ತುವ ಮೊದಲೇ ಬೆಂಗಳೂರಿನ ಸಭೆಯ ಒಬ್ಬ ಹುಡುಗನ ಕೈಯಲ್ಲಿ ಇವನಿಗೆ ಫೋನ್ ಮಾಡಿಸಬೇಕು. ಬಂದ ಮೊದಲ ಭಾನುವಾರವೇ ಯಾರಾದರೂ ಪಿಜಿಗೆ ಹೋಗಿ ಕರೆದುಕೊಂಡು ಬರಬೇಕು. ಎರಡನೆಯ ತಿಂಗಳ ಹೊತ್ತಿಗೆ ಅವನ ಭಾನುವಾರಗಳು ಬೇರೆಯವರ ಪಾಲಾಗಿರುತ್ತವೆ.

ಆ 26 ಜನರ ಮನೆಗೆ

ನ್ಯೂಕ್ಯಾಸಲ್ ಪದ್ಧತಿಗೆ ಸೇರಿಸಲೇಬೇಕಾದ ಕೆಲಸ ಇದು. ಗುಂಪಿಗೆ ಹೊಸಬರು ಬಂದ ಮೊದಲ ತಿಂಗಳೊಳಗೆ ನಾಯಕರು ಅವರ ಮನೆಗೆ ಒಮ್ಮೆ ಹೋಗಬೇಕು. ಬೈಬಲ್ ಹಿಡಿದು ಬೋಧಿಸಲು ಹೋಗುವುದು ಬೇಡ, ಪರಿಚಯಕ್ಕೆ ಹೋದರೆ ಸಾಕು. ಹೆಣ್ಣುಮಕ್ಕಳ ಮನೆಗೆ ಹಿರಿಯ ಹೆಂಗಸರೇ ಹೋಗಲಿ. ಸೊಸೆ ಸಂಜೆ ಹೊರಗೆ ಹೋಗುವುದು ಅತ್ತೆಗೆ ಸರಿಬಾರದಿದ್ದರೆ ಅದರ ಹಿಂದೆ ಇರುವುದು ಬಹಳ ಸಲ ರಾತ್ರಿ ಅಡುಗೆಯ ಚಿಂತೆ, ಓಣಿಯವರ ಮಾತಿನ ಭಯ. ‘ಅಕ್ಕಾ, ನಾವು ಆರೂವರೆಗೆ ಬಿಟ್ಬಿಡ್ತೀವಿ, ನಾನೇ ಮನೆ ತನಕ ಬರ್ತೀನಿ. ಒಂದು ದಿನ ನೀವೂ ಬಂದು ನೋಡಿ, ನಾವೇನು ಮಾಡ್ತೀವಿ ಅಂತ ನಿಮಗೇ ಗೊತ್ತಾಗುತ್ತೆ’ ಎಂಬ ಎರಡು ಮಾತು ಮಾಡುವ ಕೆಲಸವನ್ನು ಸೊಸೆಗೆ ಹೇಳುವ ಹತ್ತು ವಚನಗಳು ಮಾಡಲಾರವು. ಸಮಯವನ್ನೇ ಬದಲಿಸಬೇಕಾದರೆ ಬದಲಿಸಿ, ಮಧ್ಯಾಹ್ನ 3ಕ್ಕೆ ಇಡಿ. ಯಜಮಾನರು ಬಿಡದ ಮನೆಗೆಲಸದವರಿಗೆ ವಾರದ ರಜೆಯ ದಿನ ಬೇರೆ ಗುಂಪು ಮಾಡಿ. ಸಭೆಗೆ ಹೋದರೆ ಮನೆಯಲ್ಲಿ ಹೊಡೆತ ಬೀಳುತ್ತದೆ ಎನ್ನುವವರನ್ನು ಧೈರ್ಯದ ಹೆಸರಿನಲ್ಲಿ ಒತ್ತಾಯಿಸಬೇಡಿ. ಅವರಿಗಾಗಿ ಬೇರೆ ದಾರಿ ಹುಡುಕುವುದು ಗುಂಪಿನ ಹೊಣೆ.

ಗೆಳೆಯರ ನಗೆಗೆ ಹೆದರುವವರನ್ನು ಒಂಟಿಯಾಗಿ ನಡೆಯಲು ಬಿಡಬೇಡಿ, ಹೋಗುವಾಗ ಬರುವಾಗ ಇಬ್ಬರು ಜೊತೆಯಾಗಲಿ. ‘ಇಂಥವರಿದ್ದಾರೆ, ಆದ್ದರಿಂದ ನಾನು ಬರುವುದಿಲ್ಲ’ ಎನ್ನುವ ಇಬ್ಬರು ಇಂದಿನ ಪ್ರತಿ ಸಭೆಯಲ್ಲೂ ಇದ್ದಾರೆ. ಅವರನ್ನು ಬೇರೆ ಗುಂಪಿಗೆ ಹಾಕಿ ಸುಲಭ ಮಾಡಿಕೊಳ್ಳುವ ಮೊದಲು ಇಬ್ಬರನ್ನೂ ಎದುರುಬದುರು ಕೂರಿಸಿ. ಬ್ರಿಸ್ಟಲ್‌ನಲ್ಲಿ ಹನ್ನೆರಡು ಜನರನ್ನು ಒಂದೆಡೆ ಸೇರಿಸಿದ್ದಕ್ಕೆ ಅದೂ ಒಂದು ಕಾರಣವಾಗಿತ್ತಲ್ಲ.

ಮತ್ತು ಒಂದು ಪುಸ್ತಕ ತೆರೆಯಿರಿ. ಐದು ಕಾಲಂ ಸಾಕು: ಬಂದ ತಿಂಗಳು, ಗುಂಪು, ಬಿಟ್ಟ ತಿಂಗಳು, ಅವರೇ ಹೇಳಿದ ಕಾರಣ, ಮತ್ತೆ ಭೇಟಿಯಾದ ದಿನ. ಹೆಸರಿನ ಬದಲು ಗುರುತಿನ ಸಂಖ್ಯೆ ಬರೆದು, ಪುಸ್ತಕ ಸಭಾಪಾಲಕರ ಬಳಿ ಮಾತ್ರ ಇರಲಿ. ಕಾರಣವನ್ನು ಅವರು ಹೇಳಿದ ಮಾತಿನಲ್ಲೇ ಬರೆಯಿರಿ, ‘ನಂಬಿಕೆಯಲ್ಲಿ ತಣ್ಣಗಾದರು’ ಎಂದು ನಿಮ್ಮ ತೀರ್ಪನ್ನು ಬರೆಯಬೇಡಿ. ‘ಅಪ್ಪ ಬೇಡ ಅಂದ್ರು’ ಎಂಬ ಕಾರಣವಿದ್ದ ಕಡೆ ಐದನೆಯ ಕಾಲಂ ಖಾಲಿ ಉಳಿದಿದ್ದರೆ ಮೂರು ತಿಂಗಳ ಪರಿಶೀಲನೆಯ ದಿನ ಮೊದಲು ಹೋಗಬೇಕಾದದ್ದು ಆ ಮನೆಗೆ.